ಡಗ್ಗಾದ ಮೇಲಿನ ಕಣಕ

ಹೆಂಡತಿ ಚಪಾತಿಗೆ ಹಿಟ್ಟು ನಾದುತ್ತಿದ್ದಳು. ಹಸಿ ಗೋಧಿ ಹಿಟ್ಟಿನ ವಾಸನೆ ಮೂಗಿಗೆ ಬಡಿದದ್ದೇ ತಡ, ತಬಲಾ ಅಜ್ಜ ನೆನಪಾದರು. ಕುಳಿತವನು ಎದ್ದು ಅಂಗಳಕ್ಕೆ ಹೋದೆ. "ಏನಾಯ್ತ್ರಿ?" ಎಂದಳು. ಏನೆಂದು ಹೇಳಲಿ...

ಅಜ್ಜ ಅಫಜಲಪುರದ ಕಡೆಯವರು. ಭಜನೆಗೆ ತಬಲಾ ಬಾರಿಸುತ್ತಿದ್ದರು. ಎಡಗೈಯಲ್ಲಿ ಬಾರಿಸುವ ಡಗ್ಗಾದ ನಡುವೆ ಹಿಟ್ಟಿನ ಕಣಕ ಮೆತ್ತಿದರೇ ಅದಕ್ಕೆ ತುಂಬಿದ ದನಿ. ಆ ಹಿಟ್ಟನ್ನು ಅಜ್ಜ ತಮ್ಮ ಮನೆಯಿಂದ ತರುತ್ತಿರಲಿಲ್ಲ. ಯಾರ ಮನೆಯಲ್ಲಿ ಭಜನೆಯೋ ಆ ಮನೆಯ ಹೆಣ್ಣುಮಗಳು ಒಂದು ಹಿಡಿ ಹಿಟ್ಟನ್ನು ತಟ್ಟೆಯಲ್ಲಿ ತಂದು ಅವರ ಮುಂದಿಡಬೇಕು, ಆಮೇಲೆಯೇ ಮೊದಲ ಪದ ಹಾಡುವುದು. ಭಜನೆ ಮುಗಿದ ಮೇಲೆ ಕಣಕ ಕೆರೆದು ಆ ಮನೆಯ ಆಕಳಿಗೇ ತಿನ್ನಿಸುತ್ತಿದ್ದರು.

ನಾನಾಗ ವಾದ್ಯದ ಅಂಗಡಿಯೊಂದರ ಮಾಲು ಹೊತ್ತು ಊರೂರು ತಿರುಗುವವನು. ಗುಂಡಿ ಒತ್ತಿದರೆ ತಾನೇ ತಾಳ ಹಾಕುವ ತಬಲಾ ಪೆಟ್ಟಿಗೆ ಬಂದಿತ್ತು. ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲ್ಲೂಕು ಸುತ್ತಿದೆ, ಒಂದೂ ಹೋಗಲಿಲ್ಲ. ಮಾಲೀಕರು ಬೈದರು. "ಭಜನಿ ಮಂದಿ ಜಾಹೀರಾತು ನಂಬಂಗಿಲ್ಲೋ. ಅವರ ಪೈಕಿನೇ ಒಬ್ರು ಹೇಳಬೇಕು. ಅವರೊಳಗ ಹೊಕ್ಕೋ."

ಹೊಕ್ಕೆ. ನನಗೂ ಭಜನೆಯ ಹುಚ್ಚು ಎಂದು ಅಜ್ಜನ ಬಳಿ ಹೇಳಿಕೊಂಡೆ. ಪೂರ್ತಿ ಸುಳ್ಳೇನಲ್ಲ, ಆದರೆ ಹೇಳಿದ್ದು ಅದಕ್ಕಲ್ಲ. ಅಜ್ಜ ಹಿಗ್ಗಿ, ಗಾಣಗಾಪುರದ ಬಸ್ಸಿನಲ್ಲಿ ಪಕ್ಕ ಕೂರಿಸಿಕೊಂಡು ಭಜನಾ ಮಂಡಳಿಯಿಂದ ಮಂಡಳಿಗೆ ಕರೆದೊಯ್ದರು. "ನಮ್ಮ ಹುಡುಗ ಇದ್ದಾನ, ಚಲೋ ಹುಡುಗ," ಎನ್ನುತ್ತಿದ್ದರು. ಅವರ ಆ ಒಂದು ಮಾತಿಗೆ ಎಲ್ಲ ಮಂಡಳಿಗಳ ವಾಟ್ಸಾಪ್ ಗ್ರೂಪುಗಳೂ ನನಗೆ ಬಾಗಿಲು ತೆರೆದವು.

ಒಂದು ಮಧ್ಯಾಹ್ನ ಪೆಟ್ಟಿಗೆಯನ್ನು ಅವರ ಮುಂದೆ ಹಚ್ಚಿಟ್ಟು, ಫೋನಿನಲ್ಲಿ ವಿಡಿಯೋ ಹಿಡಿಯುತ್ತ, "ಹ್ಯಾಂಗದ್ರಿ ಅಜ್ಜಾ?" ಎಂದೆ.

ಕಣ್ಣು ಮುಚ್ಚಿ ಕೇಳಿದರು. "ತಾಳ ಬರೋಬ್ಬರಿ ಅದ ತಮ್ಮಾ, ಕೂದಲೆಳಿಯಷ್ಟೂ ತಪ್ಪಂಗಿಲ್ಲ. ಖರೇ... ಹಾಡಾವ್ರಿಗಿ ದಮ್ಮು ಹತ್ತಿದ್ರ ಇದು ನಿಂದ್ರಂಗಿಲ್ಲ. ನಾ ನಿಂದರ್ತೇನಿ."

ಎರಡನೆಯ ಮಾತನ್ನು ಕತ್ತರಿಸಿದೆ. ಮೊದಲನೆಯದನ್ನಷ್ಟೇ ಗ್ರೂಪುಗಳಿಗೆ ಬಿಟ್ಟೆ. ಭಾರೀ ಶಾಣ್ಯಾ ನಾನು! ಅಜ್ಜನೇ ಹೌದೆಂದ ಮೇಲೆ ಕೇಳುವವರಾರು? ಅಂಗಡಿಯಲ್ಲಿದ್ದ ಪೆಟ್ಟಿಗೆಗಳು ಸಾಲದೆ ಹೋದವು.

ಮುಂದಿನ ಶ್ರಾವಣದಲ್ಲಿ ಕಿಣ್ಣಿ ಸುಲ್ತಾನ ಊರಿನ ಒಂದು ಮನೆಯ ಭಜನೆಗೆ ಹೋದೆ. ನಡುಮನೆಯಲ್ಲಿ, ಅಜ್ಜ ಕೂರುತ್ತಿದ್ದ ಜಾಗದಲ್ಲಿ, ನಾನು ಮಾರಿದ ಪೆಟ್ಟಿಗೆ ಕುಳಿತಿತ್ತು. ಅಜ್ಜ ಬಾಗಿಲ ಬಳಿ ಕೈ ಖಾಲಿ ಕುಳಿತಿದ್ದರು. ಮನೆಯ ಸೊಸೆ ರೂಢಿಯಂತೆ ಹಿಟ್ಟಿನ ತಟ್ಟೆ ತಂದು, ಯಾರ ಮುಂದಿಡಬೇಕೆಂದು ತಿಳಿಯದೆ ನಿಂತಳು.

"ಒಳಗ ಒಯ್ಯವ್ವಾ, ಚಪಾತಿಗಾಗ್ತದ," ಎಂದರು ಅಜ್ಜ.

ಪದದ ನಡುವೆ ಹಿರಿಯ ಹಾಡುಗಾರರೊಬ್ಬರಿಗೆ ಕೆಮ್ಮು ಬಂತು. ಪೆಟ್ಟಿಗೆ ತನ್ನ ಪಾಡಿಗೆ ಬಾರಿಸುತ್ತಲೇ ಹೋಯಿತು. ತೊಡೆಯ ಮೇಲೆ ತಾಳ ಹಾಕುತ್ತಿದ್ದ ಅಜ್ಜನ ಬೆರಳು ಮಾತ್ರ ಅವರಿಗಾಗಿ ನಿಂತವು. ಕಂಡೆ.

ಹೊರಡುವಾಗ ಅಜ್ಜ ಮೆಲ್ಲಗೆ ಕೇಳಿದರು, "ತಮ್ಮಾ, ನಾ ಇನ್ನೊಂದು ಮಾತು ಅಂದಿದ್ನಲ್ಲಾ, ಫೋನಿನಾಗ ಬರಲಿಲ್ಲೇನು?"

"ಇಲ್ರಿ ಅಜ್ಜಾ, ಅಷ್ಟೇ ಬಂದದ."

"ಹೋಗ್ಲಿ ಬಿಡು," ಎಂದು ನನ್ನ ಬೆನ್ನು ತಟ್ಟಿದರು. "ಅದೂ ಮಶೀನೇ ಅಲಾ, ಪಾಪ."

ನನ್ನ ನಾಲಿಗೆ ಆಗಲೇ ಬಿದ್ದುಹೋಗಬಾರದಿತ್ತೇ! ಆಮೇಲೆ ಅವರಿಗೆ ಮುಖ ತೋರಿಸುವ ಧೈರ್ಯ ಬರಲಿಲ್ಲ. ಅವರು ತೀರಿಹೋದ ಸುದ್ದಿಯೂ ಅದೇ ಗ್ರೂಪುಗಳಲ್ಲಿ ಬಂತು, ಹಾರ ಹಾಕಿದ ಫೋಟೋದೊಂದಿಗೆ. ಎಲ್ಲರಂತೆ ನಾನೂ ಕೈಮುಗಿದ ಚಿತ್ರ ಒತ್ತಿದೆ, ಅಷ್ಟೇ...

ಈಗ ಅಂಗಳದಲ್ಲಿ ನಿಂತು ಫೋನ್ ಕೆದಕಿದೆ. ಪೂರಾ ವಿಡಿಯೋ ಇನ್ನೂ ಇತ್ತು. "ಇದು ಅಜ್ಜನ ಪೂರ್ತಿ ಮಾತು. ಅರ್ಧ ಕತ್ತರಿಸಿದವನು ನಾನು," ಎಂದು ಬರೆದು ಎಲ್ಲ ಗ್ರೂಪುಗಳಿಗೂ ಕಳಿಸಿದೆ. ಬೈಗುಳಕ್ಕೆ ಕಾದೆ. ಒಬ್ಬರೂ ಬೈಯಲಿಲ್ಲ. ಸಾಲಾಗಿ ಮುಗಿದ ಕೈಗಳು ಬಂದವು.

ಆ ಕೈಗಳ ಕೆಳಗೆ ಯಾರೋ ಕೇಳಿದ್ದರು: "ಈ ಪೆಟ್ಟಿಗಿ ಇನ್ನಾ ಸಿಗ್ತದೇನ್ರಿ?"