ಆಯುಧಪೂಜೆಗೆ ಬಿಚ್ಚಿದ ಬ್ಲೇಡು

ಆವತ್ತು ನೆಲ ಉಳುವ ಟಿಲ್ಲರ್ ಕುಣಿದದ್ದು ಶರಣಮ್ಮನಿಂದಲ್ಲ, ನನ್ನಿಂದ. ಅದರ ಬ್ಲೇಡು ಬಿಚ್ಚಿದವಳು ನಾನು. ಉಲ್ಟಾ ಹಾಕಿದವಳು ನಾನು. ಗೊತ್ತಾದ ಮೇಲೆ ಯಾರಿಗೂ ಹೇಳದೆ ಸರಿ ಮಾಡಿಟ್ಟವಳೂ ನಾನೇ. ಮೊದಲಿನ ಎರಡು ಕೈತಪ್ಪು ಅಂತ ಬಿಡಬಹುದೇನೋ. ಮೂರನೆಯದು ಹಾಗಲ್ಲ — ಅದನ್ನು ಪೂರ್ತಿ ಎಚ್ಚರದಲ್ಲಿದ್ದೇ ಮಾಡಿದೆ.

ಐದು ವರ್ಷವಾಯಿತು. ದಿನಾ ಬೆಳಿಗ್ಗೆ ದೀಪ ಹಚ್ಚಿದ ಮೇಲೆ ಹಿಂದಿನ ದಿನ ದೇವರು ಮಾಡಿದ ಉಪಕಾರಗಳನ್ನು ನೆನೆಸಿಕೊಳ್ಳುವ ಅಭ್ಯಾಸ ನನಗೆ. ಟ್ಯಾಂಕರ್ ನೀರು ಹೊತ್ತಿಗೆ ಸರಿಯಾಗಿ ಬಂತು, ಅತ್ತೆಯ ಮಂಡಿ ನೋವು ಕಡಿಮೆ ಇತ್ತು, ಕೆರೆಯ ವಾಸನೆ ಮನೆಯೊಳಗೆ ನುಗ್ಗಲಿಲ್ಲ — ಇಂಥವೇ, ಸಣ್ಣಸಣ್ಣವು. ನಾಲ್ಕನೆಯದಕ್ಕೋ ಐದನೆಯದಕ್ಕೋ ಶರಣಮ್ಮ ಬಂದು ನಿಲ್ಲುತ್ತಾಳೆ. ಅಲ್ಲಿಗೆ ಎಣಿಕೆ ಕೆಡುತ್ತದೆ. ಸಿಟ್ಟು ಬರುತ್ತದೆ. ಯಾರ ಮೇಲೆ ಅಂತ — ಹೋಗಲಿ, ಹೇಳುವುದನ್ನು ಹೇಳಿಬಿಡುತ್ತೇನೆ.

ವರ್ತೂರಿನಲ್ಲಿ ನಮಗೆ ಉಳಿದಿರುವುದು ಮುಕ್ಕಾಲು ಎಕರೆ. ಮೂರು ಕಡೆ ಅಪಾರ್ಟ್‌ಮೆಂಟು, ಒಂದು ಕಡೆ ರಸ್ತೆ. ಅದರಲ್ಲಿ ಸೊಪ್ಪು ಬೆಳೆಯುತ್ತೇವೆ. ಮನೆ ಹಿಂದೆ ಕಟ್ಟಿಸಿದ ಬಾಡಿಗೆ ರೂಮುಗಳಲ್ಲಿ ಒಂದರಲ್ಲಿ ಶರಣಮ್ಮ ಮತ್ತು ಅವಳ ಗಂಡ ಇದ್ದರು, ರಾಯಚೂರಿನ ಕಡೆಯವರು. ಅವನು ಗಾರೆ ಕೆಲಸಕ್ಕೆ ಹೋಗುತ್ತಿದ್ದ, ಇವಳು ನಮ್ಮ ಸೊಪ್ಪಿನ ಮಡಿಗೆ ಬರುತ್ತಿದ್ದಳು. ಒಬ್ಬಳೇ ಮಗಳು, ಊರಲ್ಲಿ ಅಜ್ಜಿಯ ಹತ್ತಿರ ಬಿಟ್ಟು ಬಂದಿದ್ದರು. ಇವತ್ತು ಈ ಸೈಟು, ನಾಳೆ ಆ ಸೈಟು ಅಂತ ಅಲೆಯುವವರು ಮಗುವನ್ನು ಯಾವ ಶಾಲೆಗೆ ಸೇರಿಸುತ್ತಾರೆ?

ನಮ್ಮ ಟಿಲ್ಲರನ್ನು ಆರಿಸಿಕೊಟ್ಟವಳೇ ಅವಳು. ಇದು ಇನ್ನೊಂದು ನಾಚಿಕೆ. ಸರ್ಜಾಪುರದ ಅಂಗಡಿಯಲ್ಲಿ ನಾನು ಕೆಂಪು ಬಣ್ಣದ ಪುಟ್ಟದೊಂದನ್ನು ನೋಡಿ ಮನಸೋತಿದ್ದೆ. ಹಗುರ, ಹೆಂಗಸರೂ ಎತ್ತಬಹುದು ಅಂತ ಅಂಗಡಿಯವನೂ ಹೊಗಳಿದ. ಶರಣಮ್ಮ ಅದರ ಹಿಡಿ ಹಿಡಿದು ಒಮ್ಮೆ ಅಲ್ಲಾಡಿಸಿದಳು ಅಷ್ಟೇ.

"ಇದು ಬ್ಯಾಡ್ರಿ ಅಕ್ಕಾ. ನಿಮ್ಮ ನೆಲ ಬಿರುಸು ಅದ, ಇಟ್ಟಂಗಿ ಚೂರು ಬ್ಯಾರೆ. ಇದು ಮ್ಯಾಲೆ ಮ್ಯಾಲೆ ಕುಣೀತದ, ಒಳಗ ಇಳಿಯಂಗಿಲ್ಲ."

ತೂಕ ಇರುವುದನ್ನೇ ತೆಗೆದುಕೊಳ್ಳಿ, ರಿವರ್ಸ್ ಗೇರ್ ಇರಲಿ, ಬ್ಲೇಡಿನ ಅಗಲ ಹೆಚ್ಚುಕಡಿಮೆ ಮಾಡುವ ಹಾಗಿರಲಿ ಅಂದಳು. ಹಾಗೇ ತಂದೆವು. ಓಡಿಸುವುದನ್ನೂ ಅವಳೇ ಕಲಿತಳು. ನೀರು ಬಿಟ್ಟ ಮಾರನೇ ದಿನವೇ ಉಳುವುದಕ್ಕೆ ಬಿಡುತ್ತಿರಲಿಲ್ಲ. ಮಣ್ಣನ್ನು ಮುಷ್ಟಿಯಲ್ಲಿ ಹಿಸುಕಿ, ಉಂಡೆ ಕಟ್ಟಿ ಮತ್ತೆ ಬೆರಳಿಗೆ ಒಡೆಯುವ ತನಕ ಕಾಯುತ್ತಿದ್ದಳು. ಮೊದಲ ಸಲಕ್ಕೆ ಮೇಲೆಮೇಲೆ, ಎರಡನೆಯ ಸಲಕ್ಕೆ ಹಿಂದಿನ ಕಡ್ಡಿ ಒತ್ತಿ ಆಳ. ಆ ಕಡ್ಡಿ ನೆಲಕ್ಕೆ ಕಚ್ಚಿಕೊಂಡರೆ ಮಿಷನ್ ಮುಂದಕ್ಕೆ ಓಡದೆ ನಿಂತಲ್ಲೇ ಅಗೆಯುತ್ತದೆ. ನಮ್ಮನೆಯವರಿಗೂ ಇದೆಲ್ಲ ಅವಳನ್ನು ನೋಡಿಯೇ ಗೊತ್ತಾಗಿದ್ದು.

ಪಕ್ಕದ ಅಪಾರ್ಟ್‌ಮೆಂಟಿನವರು ಕಾಂಪೌಂಡಿನೊಳಗೆ ತರಕಾರಿ ತೋಟ ಮಾಡುವುದಕ್ಕೆ ಜಾಗ ಬಿಟ್ಟರು. ಮಿಷನ್ ಓಡಿಸಲು ಬರುವವರು ಬೇಕು, ಕಾಯಂ ಕೆಲಸ, ಇರುವುದಕ್ಕೆ ಅಲ್ಲೇ ಒಂದು ರೂಮು. ನಾನೇ ಅವರ ಸೆಕ್ರೆಟರಿ ಮೇಡಂ ಹತ್ತಿರ ಹೋಗಿ ಶರಣಮ್ಮನ ಹೆಸರು ಹೇಳಿದೆ. ನಿಮ್ಮ ಟಿಲ್ಲರನ್ನೇ ತಂದು ಒಂದು ಸಲ ಓಡಿಸಿ ತೋರಿಸಲಿ ಅಂದರು. ವಿಜಯದಶಮಿ ದಿನ ಒಳ್ಳೆಯದು ಅಂತ ದಿನ ಹೇಳಿದವಳೂ ನಾನೇ. ಕೆಲಸ ಸಿಕ್ಕರೆ ಮಗಳನ್ನು ಕರಕೊಂಡು ಬರುತ್ತೇನೆ ಅಂತ ಶರಣಮ್ಮ ಆಗಲೇ ಊರಿಗೆ ಫೋನ್ ಮಾಡಿದ್ದಳು.

ಹಿಂದಿನ ದಿನ ಆಯುಧಪೂಜೆ. ಬೈಕು, ಮೋಟರು, ಕುಡುಗೋಲು, ಈಳಿಗೆಮಣೆ ಎಲ್ಲ ತೊಳೆದೆ. ಟಿಲ್ಲರಿನ ಬ್ಲೇಡಿಗೆ ಮಣ್ಣು ಮೆತ್ತಿತ್ತು. ಹಾಗೇ ಕುಂಕುಮ ಇಡುವುದಕ್ಕೆ ಮನಸ್ಸು ಬರಲಿಲ್ಲ. ಶರಣಮ್ಮ ಪಿನ್ನು ಎಳೆದು ಬ್ಲೇಡು ಬಿಚ್ಚುವುದನ್ನು ನೋಡಿದ್ದೆನಲ್ಲ — ಎಡದ ಗೊಂಚಲು, ಬಲದ ಗೊಂಚಲು, ಎರಡನ್ನೂ ಕಳಚಿ ಹುಣಸೆಹಣ್ಣು ಹಾಕಿ ಉಜ್ಜಿದೆ. ಬೆಳ್ಳಿ ಹಾಗೆ ಹೊಳೆದವು. ಮತ್ತೆ ಹಾಕಿದೆ. ಅರಿಶಿನ ಕುಂಕುಮ ಇಟ್ಟು ಚೆಂಡುಹೂವಿನ ಹಾರ ಸುತ್ತಿದೆ.

ಸಂಜೆ ಶರಣಮ್ಮ ಬಂದು, ನಾಳೆ ಅಷ್ಟು ಜನರ ಮುಂದೆ ಓಡಿಸಬೇಕು, ಹಿತ್ತಲಲ್ಲಿ ಒಂದು ಸಲ ಚಾಲೂ ಮಾಡಿ ನೋಡಲೇ ಅಂದಳು. ಪೂಜೆ ಆದ ಮೇಲೆ ಆವತ್ತು ಮಿಷನ್ ಮುಟ್ಟಬಾರದು ಅಂತ ನಾನು ಗದರಿದೆ. ದೇವರಿಗೆ ಬಿಟ್ಟಿದ್ದನ್ನು ಪರೀಕ್ಷೆ ಮಾಡ್ತೀಯಾ ಅಂತಲೂ ಅಂದೆ. ಕೈಮುಗಿದು ಹೋದಳು.

ಬ್ಲೇಡಿನ ಹರಿತವಾದ ಬಾಯಿ ಮುಂದಕ್ಕಿರಬೇಕು. ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಹೋದರೆ ಬೆನ್ನು ಮುಂದಾಗುತ್ತದೆ. ಆಗ ಅದು ಮಣ್ಣನ್ನು ಕೊಚ್ಚುವುದಿಲ್ಲ, ಗುದ್ದುತ್ತದೆ.

ಮಾರನೇ ದಿನ ಗುದ್ದಿತು. ಇಪ್ಪತ್ತು ಮೂವತ್ತು ಜನ ಕುರ್ಚಿ ಹಾಕಿಕೊಂಡು ಕೂತಿದ್ದರು. ಮಿಷನ್ ಒಂದಡಿ ಎಗರಿತು, ಪಕ್ಕಕ್ಕೆ ಎಳೆಯಿತು. ಶರಣಮ್ಮ ಹಿಂದಿನ ಕಡ್ಡಿಗೆ ಭಾರ ಹಾಕಿದಳು, ವೇಗ ತಗ್ಗಿಸಿದಳು — ತಿಳಿದಿದ್ದನ್ನೆಲ್ಲ ಮಾಡಿದಳು. ಕುಂಕುಮ ಇಟ್ಟಿದ್ದ ಬ್ಲೇಡನ್ನು ಬಗ್ಗಿ ನೋಡುವುದು ಮಾತ್ರ ಅವಳಿಗೆ ಹೊಳೆಯಲಿಲ್ಲ. ಹೊಳೆಯುವುದು ಹೇಗೆ, ಪೂಜೆ ಮಾಡಿಟ್ಟವಳು ನಾನಲ್ಲವೇ? ಹೊಸದಾಗಿ ನೆಟ್ಟ ಗುಲಾಬಿಯ ಸಾಲಿನ ಮೇಲೆ ಮಿಷನ್ ಹತ್ತಿತು, ನೀರಿನ ಪೈಪು ಕಿತ್ತುಬಂತು, ಅವಳು ಮಂಡಿಯೂರಿ ಬಿದ್ದಳು. ಯಾರೋ ವಿಡಿಯೋ ಮಾಡುತ್ತಿದ್ದರು. ಯಾರೋ ನಕ್ಕರು. ಸೆಕ್ರೆಟರಿ ಮೇಡಂ ನನ್ನ ಕಡೆ ತಿರುಗಿ, ನೀವು ಹೇಳಿದಿರಿ ಅಂತ ಒಪ್ಪಿಕೊಂಡೆವು, ಅಂದರು. ನನಗೆ ಶರಣಮ್ಮನ ಮೇಲೆಯೇ ಸಿಟ್ಟು ಬಂತು. ನಿಜ ಹೇಳುತ್ತಿದ್ದೇನೆ. ನನ್ನ ಮರ್ಯಾದೆ ಕಳೆದಳಲ್ಲ ಅನ್ನಿಸಿತು.

ಮನೆಗೆ ತಂದು ತೊಳೆಯುವಾಗ ನೋಡಿದೆ. ಬ್ಲೇಡಿನ ಹರಿತವಾದ ಅಂಚಿನಲ್ಲಿ ನಾನಿಟ್ಟ ಕುಂಕುಮ ಹಾಗೇ ಇತ್ತು. ಬೆನ್ನಿನ ಕಡೆ ಮಾತ್ರ ಮಣ್ಣು ತಿಂದು ಸವೆದ ಗೀರು. ಮಣ್ಣು ಮುಟ್ಟಬೇಕಾದ ಕಡೆ ಮಣ್ಣೇ ಮುಟ್ಟಿಲ್ಲ. ಓಡಿಹೋಗಿ ಹೇಳಬೇಕಿತ್ತು. ಸೆಕ್ರೆಟರಿ ಮೇಡಂ ಇನ್ನೂ ಅಲ್ಲೇ ತೋಟದಲ್ಲಿದ್ದರು, ಗೋಡೆಯಾಚೆ ಅವರ ಮಾತು ಕೇಳಿಸುತ್ತಿತ್ತು. ನಾನು ಸುತ್ತ ನೋಡಿದೆ. ಯಾರೂ ಇರಲಿಲ್ಲ. ಪಿನ್ನು ಎಳೆದೆ, ಎಡಬಲ ಬದಲಿಸಿದೆ, ಪಿನ್ನು ಹಾಕಿದೆ.

ಎರಡು ನಿಮಿಷವೂ ಹಿಡಿಯಲಿಲ್ಲ.

ಮಾರನೇ ಬೆಳಿಗ್ಗೆ ಮಿಷನ್‌ಗೆ ಏನಾಗಿದೆ ನೋಡೋಣ ಅಂತ ನನ್ನ ಮೈದುನ ಸೀನ ಅದನ್ನು ಮಡಿಗೆ ಇಳಿಸಿದ. ಸರಾಗವಾಗಿ ಹೋಯಿತು. ಶರಣಮ್ಮ ಬದುವಿನ ಮೇಲೆ ನಿಂತು ನೋಡುತ್ತಿದ್ದಳು.

"ಏನಾಗೈತೆ ಇದುಕ್ಕೆ? ಬೆಣ್ಣೆ ಕುಯ್ದಂಗೆ ಓಯ್ತೈತೆ," ಅಂದ ಸೀನ, ಅವಳಿಗೆ ಕೇಳುವ ಹಾಗೆ. "ಓಡ್ಸೋರ್ಗೆ ಬರ್ಬೇಕು ಕಣತ್ತಿಗೆ."

ನಾನು ಸರಿಮಾಡಿಟ್ಟ ಮಿಷನ್ನೇ ಅವಳ ವಿರುದ್ಧ ಸಾಕ್ಷಿ ಹೇಳಿತು. ನನ್ನ ಬಾಯಿ ಆಗಲಾದರೂ — ಇಲ್ಲ. ಕಾಫಿಗೆ ಹಾಲಿಟ್ಟಿದ್ದೇನೆ ಅಂತ ಒಳಗೆ ಹೋದೆ. ಮಧ್ಯಾಹ್ನ ಅವಳೇ ಬಂದು, ನಂದೇ ಕೈ ತಪ್ಪಿರಬೇಕು, ನಿಮ್ಮ ಹೆಸರು ಕೆಡಿಸಿದೆ, ತಪ್ಪಾಯಿತು ಅಂದಳು. ನನ್ನ ಹತ್ತಿರ! ನಾನು ಅವಳಿಗೆ ಹಬ್ಬದ ಹೋಳಿಗೆ ಕಟ್ಟಿಕೊಟ್ಟೆ.

ತಿಂಗಳೊಳಗೆ ಅವರು ರೂಮು ಬಿಟ್ಟು ದಾಸರಹಳ್ಳಿಗೆ ಹೋದರು. ಪೀಣ್ಯದ ಒಂದು ಗಾರ್ಮೆಂಟ್ಸಿನಲ್ಲಿ ಅವಳಿಗೆ ಪ್ಯಾಕಿಂಗ್ ಕೆಲಸ. ಮಗಳು ಊರಲ್ಲೇ ಉಳಿದಳು. ಆದರೂ ಶರಣಮ್ಮ ಹಬ್ಬಕ್ಕೊಮ್ಮೆ ನನಗೆ ಫೋನ್ ಮಾಡುತ್ತಿದ್ದಳು. ಹೋದ ತಿಂಗಳು ಮಾಡಿದಾಗ ಹೇಳಿದಳು — ಸೂಪರ್‌ವೈಸರ್ ಹೊಲಿಗೆ ಲೈನಿಗೆ ಹಾಕುತ್ತೇನೆ, ಸಂಬಳ ಜಾಸ್ತಿ ಅಂತ ಮೂರು ಸಲ ಕರೆದನಂತೆ. ಇವಳು ಒಲ್ಲೆ ಅಂದಳಂತೆ.

"ಮಿಷನ್ ನನ್ನ ಕೈಗೆ ಹತ್ತಂಗಿಲ್ರಿ ಅಕ್ಕಾ. ನಿಮಗ ಗೊತ್ತಲ್ಲ."

ನನಗೆ ಗೊತ್ತು. ನನಗೊಬ್ಬಳಿಗೇ ಗೊತ್ತು! ಆಗಲೂ ಹ್ಞೂಂ ಅಂದೆ. ಹ್ಞೂಂ ಅಂದ ಬಾಯಿಗೆ ಏನು ಮಾಡಬೇಕು?

ಆಮೇಲೆ ನಮ್ಮನೆಯವರನ್ನೂ ಸೀನನನ್ನೂ ಕೂರಿಸಿಕೊಂಡು ಎಲ್ಲ ಹೇಳಿದೆ. ನಮ್ಮನೆಯವರು, ಹಳೇದು ಬಿಡು, ಈಗ ಕೆದಕಿ ಏನು ಅಂದರು. ಬ್ಲೇಡಿಗೂ ಹುಣಸೆಹಣ್ಣಾ ಅತ್ತಿಗೆ ಅಂತ ಸೀನ ನಕ್ಕುಬಿಟ್ಟ. ಇವರ 'ಬಿಡು' ಕೇಳಿ ಮೈ ಉರಿಯಿತು. ಬಿಡುವುದಕ್ಕೆ ಇವರು ಯಾರು? ಐದು ವರ್ಷ ನಾನೂ ಅದನ್ನೇ ಅಂದುಕೊಂಡಿದ್ದೆನಲ್ಲ, ಅದಕ್ಕೇ ಇರಬೇಕು ಅಷ್ಟು ಉರಿದದ್ದು. ಸೆಕ್ರೆಟರಿ ಮೇಡಂ ಎಂದೋ ಮನೆ ಮಾರಿ ಹೋಗಿದ್ದಾರೆ. ಆ ತೋಟದ ಜಾಗ ಈಗ ಪಾರ್ಕಿಂಗ್. ಹಿಂದಕ್ಕೆ ಕೊಡಿಸುವುದಕ್ಕೆ ಆ ಕೆಲಸವೂ ಇಲ್ಲ.

ಶನಿವಾರ ಅವಳ ಊಟದ ಬಿಡುವು ನೋಡಿಕೊಂಡು ನಾನೇ ಫೋನ್ ಮಾಡಿದೆ. ಬ್ಲೇಡು, ಕುಂಕುಮ, ಪಿನ್ನು — ಒಂದೂ ಬಿಡದೆ ಹೇಳಿದೆ. ಅವಳ ಹಿಂದೆ ಯಾರೋ ಟಿಫಿನ್ ಡಬ್ಬಿ ತೊಳೆಯುವ ಸದ್ದು. ಆಮೇಲೆ ಅವಳು ಕೇಳಿದಳು.

"ಅಂದ್ರ ಅವತ್ತು ನಾ ಸರಿ ಹಿಡಿದಿದ್ನೇನ್ರಿ?"

"ಸರಿಯಾಗೇ ಹಿಡಿದಿದ್ದೆ ಶರಣಮ್ಮ."

ಬೆಲ್ ಆಯಿತು ಅಂತ ಫೋನ್ ಇಟ್ಟಳು.

ನಾನು ಕ್ಷಮಿಸು ಅನ್ನಲಿಲ್ಲ. ಅಂದಿದ್ದರೆ ಅವಳು ಕ್ಷಮಿಸಿಬಿಡುತ್ತಿದ್ದಳು, ಅವಳ ಸ್ವಭಾವವೇ ಅಂಥದ್ದು. ಇಷ್ಟು ಕಿತ್ತುಕೊಂಡ ಮೇಲೆ ಅದನ್ನೂ ಅವಳ ಕೈಯಿಂದ ಈಸಿಕೊಳ್ಳುವುದು ಬೇಡ ಅನ್ನಿಸಿತು. ಅವಳು ಯಾವತ್ತಾದರೂ ಫೋನ್ ಮಾಡಿದರೆ ಎತ್ತುತ್ತೇನೆ, ಏನು ಅಂದರೂ ಕೇಳಿಸಿಕೊಳ್ಳುತ್ತೇನೆ. ಮಾಡದೇ ಹೋದರೆ ನಾನಾಗಿ ಮಾಡುವುದಿಲ್ಲ.