ಸೊಂಟದ ಮೇಲೆ ಕೈಯಿಟ್ಟ ಗೊಂಬೆ

ಬೆಟಗೇರಿಯ ನಮ್ಮ ಓಣಿಯಲ್ಲಿ ಸಾವಂತ್ರೆವ್ವನಷ್ಟು ಸಿಟ್ಟನ್ನು ಹೊಟ್ಟೆಯಲ್ಲಿಟ್ಟುಕೊಂಡು ಬದುಕಿದವರು ಇನ್ನೊಬ್ಬರಿಲ್ಲ. ಇದನ್ನು ನಾನು ದೂರಾಗಿ ಹೇಳುತ್ತಿಲ್ಲ. ಅವಳ ಪಕ್ಕದ ಮನೆಯವಳು ನಾನು, ಅವಳ ಹೊಲಿಗೆ ಮಷಿನ್ನಿನ ಸದ್ದು ಕೇಳುತ್ತಲೇ ಬೆಳಗಿನ ಚಹಾ ಕುಡಿಯುವವಳು. ಅದು ನ್ಯಾಯದ ಸಿಟ್ಟು ಎಂದು ಇವತ್ತಿಗೂ ಎದೆ ಮುಟ್ಟಿ ಹೇಳುತ್ತೇನೆ. ಆದದ್ದಾಯಿತು, ಮರೆತುಬಿಡಬೇಕು ಎಂದು ಬುದ್ಧಿ ಹೇಳುವವರ ಮಗಳಿಗೆ ಯಾರಾದರೂ ಶೇಖವ್ವ ಅಂದ ಮಾತನ್ನು ಅಂದು ನೋಡಲಿ, ಆಮೇಲೆ ಮಾತಾಡೋಣ.

ಸಾವಂತ್ರೆವ್ವನ ಗಂಡ ರಾಮಪ್ಪ ಕೈಮಗ್ಗದ ನೇಕಾರ. ಅವಳು ಓಣಿಯ ಹೆಂಗಸರಿಗೆ ಕುಬಸ ಹೊಲಿದು ಕೊಡುತ್ತಿದ್ದಳು. ಒಬ್ಬಳೇ ಮಗಳು ಕಾವೇರಿ. ಅವಳಿಗೆ ಲಕ್ಷ್ಮೇಶ್ವರದಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ದೇವೇಂದ್ರಪ್ಪನ ಮಗ ಸಿದ್ದಲಿಂಗೇಶನ ಜೊತೆ ಮದುವೆ ಗೊತ್ತಾಯಿತು. ನಿಶ್ಚಯದ ದಿನ ಹೆಣ್ಣಿನ ಕಡೆಯವರು ಬೀಗಿತ್ತಿಗೆ ಉಡಿ ತುಂಬಿ ಸೀರೆ ಕೊಡುವುದು ನಮ್ಮಲ್ಲಿ ಪದ್ಧತಿ. ಬೀಗಿತ್ತಿ ಅಂದರೆ ಹುಡುಗನ ತಾಯಿ, ಈ ಶೇಖವ್ವ. ಎಲ್ಲರೂ ಅಂಗಡಿಗೆ ಹೋಗಿ ಒಂದು ಸೀರೆ ತಂದು ಮುಗಿಸುತ್ತಾರೆ. ರಾಮಪ್ಪ ಒಪ್ಪಲಿಲ್ಲ.

“ನೇಕಾರರ ಮನಿಯಿಂದ ಬೀಗಿತ್ತಿಗೆ ಅಂಗಡಿ ಸೀರಿ ಕೊಟ್ರ ಮಂದಿ ನಗಾಂಗಿಲ್ಲೇನು? ನಾ ನೇಯ್ತೀನಿ” ಎಂದ.

ಕೆಮ್ಮುತ್ತ ಕೆಮ್ಮುತ್ತ ಮಗ್ಗದ ಕುಣಿಯಲ್ಲಿ ಕೂತು ನೇಯ್ದ. ನವಿಲಿನ ಕುತ್ತಿಗೆಯ ಬಣ್ಣದ ಮೈ, ಕೆಂಪು ಸೆರಗು, ದಡಿಯ ಉದ್ದಕ್ಕೂ ಅವನೇ ಯೋಚಿಸಿ ತೆಗೆದ ಸಣ್ಣ ಜೋಳದ ತೆನೆಗಳ ಸಾಲು. ಅಂಥ ದಡಿ ನಾನು ಬೇರೆಲ್ಲೂ ಕಂಡಿಲ್ಲ. ನಿಶ್ಚಯವಾಯಿತು, ಸೀರೆ ಲಕ್ಷ್ಮೇಶ್ವರಕ್ಕೆ ಹೋಯಿತು. ಮದುವೆಯ ದಿನ ಹತ್ತಿರ ಬರುವ ಮೊದಲೇ ರಾಮಪ್ಪ ತೀರಿಕೊಂಡ. ಅದೇ ಅವನು ನೇಯ್ದ ಕೊನೆಯ ಸೀರೆ.

ಸಾವಿನ ಮನೆಯವರನ್ನು ಮಾತಾಡಿಸಲಿಕ್ಕೆಂದು ಶೇಖವ್ವ ಬಂದಳು. ಅಳುವವರ ನಡುವೆ ಕೂಡದೆ, ಬಾಗಿಲಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತಳು. ಅದು ಅವಳ ಅಂಗಡಿಯ ನಿಲುವು. ಅಲ್ಲಿಂದಲೇ ಅಂದಳು:

“ಮಾತು ಆದ ಗಳಿಗಿನ ಸರಿ ಇಲ್ಲ ಬಿಡ್ರಿ. ಹುಡುಗಿ ಹಡದಪ್ಪನ್ನ ನುಂಗಿದಳು. ಇಂಥ ಕಾಲ್ಗುಣದಾಕಿನ್ನ ನಾ ಹೆಂಗ ಮನಿ ತುಂಬಿಸ್ಕೊಳ್ಳಲಿ?”

ಒಳಗೆ ಕಾವೇರಿ ಅಪ್ಪನ ಅಂಗಿ ಮಡಚುತ್ತಿದ್ದಳು. ಮಾತು ಅವಳ ಕಿವಿಗೆ ಬಿತ್ತು. ಅವತ್ತೇ ಆ ಹೆಂಗಸಿನ ಕಪಾಳಕ್ಕೆ ಹೊಡೆಯಲಿಲ್ಲವಲ್ಲ ಎಂದು ನನ್ನ ಕೈ ಈಗಲೂ ತುರಿಸುತ್ತದೆ.

ಹಿರಿಯರು ಕೂತು, ಕೊಟ್ಟದ್ದು ತಗೊಂಡದ್ದು ಹೊಳ್ಳಿ ಕೊಟ್ಟುಬಿಡಬೇಕೆಂದು ತೀರ್ಮಾನ ಮಾಡಿದರು. ಸಾವಂತ್ರೆವ್ವ ಉಂಗುರ, ಬಟ್ಟೆ ಎಲ್ಲ ಕೊಟ್ಟಳು. ಆ ಕಡೆಯಿಂದ ಬಂದದ್ದು ರಾಮಪ್ಪನ ಸೀರೆಯಲ್ಲ, ಮಿರಿಮಿರಿ ಮಿಂಚುವ ಒಂದು ಪಾಲಿಸ್ಟರ್ ಸೀರೆ. ಕೇಳಿದ್ದಕ್ಕೆ ಶೇಖವ್ವ, “ಸೀರಿಗೆ ಸೀರಿ ಆತಲ್ಲ. ನಮ್ಮ ಅಂಗಡ್ಯಾಗಿನ ಛಲೋ ಮಾಲು ಐತಿ ಅದು” ಎಂದಳು. ಹಿರಿಯರು ಗೋಣು ಹಾಕಿದರು. ಅವರ ಕಣ್ಣಿಗೆ ಎಲ್ಲ ಸೀರೆಯೂ ಒಂದೇ. ಸಾವಂತ್ರೆವ್ವ ಆ ಮಿಂಚುವ ಸೀರೆಯನ್ನು ಹರಿದು ಮಷಿನ್ನಿನ ಎಣ್ಣೆ ಒರೆಸಲಿಕ್ಕೆ ಇಟ್ಟುಕೊಂಡಳು.

ಕೆಲವೇ ತಿಂಗಳಲ್ಲಿ ಸಿದ್ದಲಿಂಗೇಶನಿಗೆ ಹುಬ್ಬಳ್ಳಿಯ ಸ್ನೇಹಾ ಎಂಬ ಹುಡುಗಿಯ ಜೊತೆ ಮದುವೆಯಾಯಿತು. ಆ ಮದುವೆಯಲ್ಲಿ ಶೇಖವ್ವ ಉಟ್ಟು ಮೆರೆದದ್ದು ಜೋಳದ ತೆನೆಯ ದಡಿಯ ಸೀರೆ. ಖಬರು ಬಂದ ದಿನ ಸಾವಂತ್ರೆವ್ವ ಅಳಲಿಲ್ಲ.

“ಆ ಸೀರಿ ನನ್ನ ಮನಿಗೆ ಬರಬೇಕು. ಆಕಿ ತನ್ನ ಕೈಯಾರೆ ತಂದು ಕೊಡಬೇಕು” ಎಂದು ನನ್ನೆದುರು ಹೇಳಿ ದಾರ ಕಡಿದಳು.

ಗೊಂಬೆಯ ಕೆಲಸ ಬಂದದ್ದು ಅಯ್ಯೂಬನಿಂದ. ಅವನು ಶಿರಹಟ್ಟಿ, ಮುಂಡರಗಿ, ಲಕ್ಷ್ಮೇಶ್ವರದ ಸಂತೆಗಳಲ್ಲಿ ಆಟಿಕೆ ಮಾರುವವನು. ಉದ್ದ ಕಾಲಿನ, ಹಳದಿ ಕೂದಲಿನ, ಫ್ಯಾಶನ್ ಮಾಡುವ ಗೊಂಬೆಗಳ ಒಂದು ಪೆಟ್ಟಿಗೆ ಅವನ ಕೊರಳಿಗೆ ಬಿದ್ದಿತ್ತು. ಗೊಂಬೆಗಳ ತುಂಡು ಲಂಗ ನೋಡಿ ಹಳ್ಳಿಯ ಅಜ್ಜಿಯರು ಮಕ್ಕಳ ಕೈ ಹಿಡಿದು ಎಳೆದುಕೊಂಡು ಹೋಗುತ್ತಿದ್ದರು. “ಇವಕ್ಕ ಮೈತುಂಬ ಅರಿವಿ ಹಾಕ್ರಿ ಅವ್ವಾರ” ಎಂದು ತಂದು ಸುರಿದ. ಸಾವಂತ್ರೆವ್ವ ಮೂಲೆಯಲ್ಲಿ ಬಿದ್ದಿದ್ದ ಕುಬಸದ ಖಣದ ಚೂರುಗಳನ್ನು ತೆಗೆದಳು. ಗೊಂಬೆಯ ಬೆರಳು ತೋಳಿನಲ್ಲಿ ಸಿಕ್ಕಿಬೀಳುತ್ತವೆಂದು ಕುಬಸವನ್ನು ಬೆನ್ನ ಕಡೆಗೆ ತೆರೆದಿಟ್ಟು ಟಿಚ್ ಬಟನ್ ಹಾಕಿದಳು. ಸೀರೆಯ ನಿರಿಗೆಗಳನ್ನು ಮೊದಲೇ ಹೊಲಿದಿಟ್ಟಳು, ಮಕ್ಕಳು ಬಿಚ್ಚಿದರೂ ಕೆಡಬಾರದೆಂದು.

ಮುಖದ ಕೆಲಸ ಕಾವೇರಿಯದು. ನಿಶ್ಚಯ ಮುರಿದ ಮೇಲೆ ಆ ಹುಡುಗಿ ಯಾರ ಜೊತೆಗೂ ನೆಟ್ಟಗೆ ಮಾತಾಡಿದ್ದಿಲ್ಲ. ಉಗುರಿನ ಬಣ್ಣ ತೆಗೆಯುವ ನೀರಿನಿಂದ ಗೊಂಬೆಯ ನೀಲಿ ಕಣ್ಣನ್ನೂ ಕೆಂಪು ತುಟಿಯನ್ನೂ ಒರೆಸಿ, ಸಣ್ಣ ಕುಂಚದಿಂದ ಕರಿಕಣ್ಣು, ಹುಬ್ಬು, ಕುಂಕುಮ ಬರೆಯುತ್ತಿದ್ದಳು. ಹಳದಿ ಕೂದಲು ಕಿತ್ತು ಕರಿ ದಾರ ನೆಟ್ಟು ಹೆರಳು ಹಾಕುತ್ತಿದ್ದಳು. ಅವಳ ಕೈಯಲ್ಲಿ ಗೊಂಬೆಗಳು ನಮ್ಮ ಓಣಿಯ ಹೆಂಗಸರೇ ಆಗುತ್ತಿದ್ದವು. ಅಯ್ಯೂಬನ ಪೆಟ್ಟಿಗೆ ಖಾಲಿಯಾಗಿ ಇನ್ನೊಂದು ಬಂತು.

ಒಂದು ಮಧ್ಯಾಹ್ನ ಸಾವಂತ್ರೆವ್ವ ಮಗಳ ಮುಂದೆ ಒಂದು ಗೊಂಬೆ ಇಟ್ಟು, “ಇದರ ತುಟಿ ಬಾಜೂಕ ಒಂದು ಮಚ್ಚಿ ಇಡು” ಎಂದಳು. ಕಾವೇರಿಗೆ ತಿಳಿಯಿತು. ಮೆಣಸಿನ ಕಾಳಿನಂಥ ಮಚ್ಚೆ, ದೊಡ್ಡ ನತ್ತು, ಮೇಲಕ್ಕೆ ಏರಿದ ಒಂದು ಹುಬ್ಬು. ಸಾವಂತ್ರೆವ್ವ ಗೊಂಬೆಯ ಸೊಂಟಕ್ಕೆ ಹತ್ತಿ ಸುತ್ತಿ ಅದರ ಮೇಲೆ ಸೀರೆ ಉಡಿಸಿದಳು. ಕಾವೇರಿ ಗೊಂಬೆಯ ಕೈಯನ್ನು ಕುದಿನೀರಿನಲ್ಲಿ ಅದ್ದಿ, ಮೆತ್ತಗಾದ ಮೇಲೆ ಬಗ್ಗಿಸಿ ಸೊಂಟದ ಮೇಲಿಟ್ಟಳು. ನಿಲ್ಲಿಸಿ ನೋಡಿದರೆ ಶೇಖವ್ವನೇ. ಅಪ್ಪ ಹೋದ ಮೇಲೆ ಕಾವೇರಿ ನಕ್ಕದ್ದು ಅವತ್ತೇ ಮೊದಲು. ನಾನೂ ಹೊಟ್ಟೆ ಹಿಡಿದುಕೊಂಡು ನಕ್ಕೆ.

ಅಂಥವೇ ಇನ್ನಷ್ಟು ಮಾಡಿ, “ಇವನ್ನ ಲಕ್ಷ್ಮೇಶ್ವರದಾಗಷ್ಟ ಮಾರು” ಎಂದು ಸಾವಂತ್ರೆವ್ವ ಅಯ್ಯೂಬನಿಗೆ ತಾಕೀತು ಮಾಡಿದಳು.

ಲಕ್ಷ್ಮೇಶ್ವರದ ಮಕ್ಕಳಿಗೆ ಗುರುತು ಹಿಡಿಯಲು ಒಂದೇ ಸಂತೆ ಸಾಕಾಯಿತು. ‘ಅಂಗಡಿ ಶೇಖವ್ವ’ ಬೇಕು ಎಂದು ಹಟ ಹಿಡಿಯತೊಡಗಿದವು. ಅಂಗಡಿಗೆ ಸೀರೆ ಕೊಳ್ಳಲು ಬಂದ ಹೆಂಗಸರು, ಶೇಖವ್ವ ಸೊಂಟದ ಮೇಲೆ ಕೈಯಿಟ್ಟ ಕೂಡಲೇ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಎಲ್ಲಕ್ಕಿಂತ ಹೆಚ್ಚಿನದೆಂದರೆ, ಸೊಸೆ ಸ್ನೇಹಾ ಒಂದು ಗೊಂಬೆ ತಂದು ಪಡಸಾಲೆಯ ಗಾಜಿನ ಕಪಾಟಿನಲ್ಲಿ ನಿಲ್ಲಿಸಿದಳಂತೆ. ಗೊತ್ತಿದ್ದೇ ತಂದಳೆಂದು ನನ್ನ ಅನುಮಾನ. ಆ ಹುಡುಗಿಯನ್ನು ನಾನು ಕಂಡಿಲ್ಲ, ಆದರೂ ಅವತ್ತಿನಿಂದ ಅವಳ ಮೇಲೆ ನನಗೆ ಅಕ್ಕರೆ.

ಕೊನೆಗೆ ಶೇಖವ್ವ ಬಂದಳು. ಬಸ್ಸಿನಲ್ಲಿ ಬಂದು, ಆಟೋ ಹಿಡಿದು, ನಮ್ಮ ಓಣಿಯ ಬಾಯಲ್ಲಿ ಇಳಿದು, ಕೈಯಲ್ಲೊಂದು ಚೀಲ ಹಿಡಿದುಕೊಂಡು ನಡೆದು ಬಂದಳು. ನಾನು ಅವಳ ಹಿಂದೆಯೇ ಒಳಗೆ ಹೋದೆ. ಇಂಥದ್ದನ್ನು ಬಿಡಲಿಕ್ಕಾಗುತ್ತದೆಯೇ?

“ನನ್ನ ಮಾರಿ ಸಂತ್ಯಾಗ ಮಾರಾಕ ಇಟ್ಟಿಯಲ್ಲ ಸಾವಂತ್ರೆವ್ವ” ಎಂದಳು ಶೇಖವ್ವ.

“ಅವು ಗೊಂಬಿರಿ. ಅದರಾಗ ನಿಮ್ಮ ಮಾರಿ ಕಂಡ್ರ ನಾ ಏನ ಮಾಡ್ಲಿ? ಬರ್ರಿ, ಕುಂಡ್ರಿ.”

ಶೇಖವ್ವ ಕೂಡಲಿಲ್ಲ. ಚೀಲದಿಂದ ಸೀರೆ ತೆಗೆದು ಮಷಿನ್ನಿನ ಮೇಲಿಟ್ಟಳು. “ತಗೋ ನಿನ್ನ ಗಂಡನ ಸೀರಿ. ಇನ್ನ ಅದನ್ನ ನಿಲ್ಲಸು. ಹೊರಗ ಬರದಂಗ ಆಗೈತಿ ನನಗ.” ಅವಳ ದನಿ ಇಳಿದಿತ್ತು.

ಸಾವಂತ್ರೆವ್ವ ಬೇಡಿಕೊಂಡದ್ದು ಬೇಡಿಕೊಂಡಂತೆಯೇ ಬಂದಿತ್ತು. ಅವಳು ಸೀರೆ ಬಿಚ್ಚಿದಳು. ನಿರಿಗೆ ಬರುವ ಕಡೆ ಮದುವೆಯೂಟದ ಸಾರಿನ ಕಲೆ ಹಳದಿಗಟ್ಟಿತ್ತು. ಅದನ್ನು ಬೆರಳಿನಿಂದ ಒಮ್ಮೆ ಉಜ್ಜಿ, ತಲೆ ಎತ್ತದೆ ಹೇಳಿದಳು:

“ನೀವು ಉಟ್ಟು ಉಂಡು ಕೈ ಒರಸಿದ್ದು ಇದು. ನನ್ನ ಮಗಳು ಉಡಂಗಿಲ್ಲ, ನಾನೂ ಉಡಂಗಿಲ್ಲ. ನಿಮ್ಮ ಗೊಂಬಿಗೇ ಉಡಸ್ತೀನಿ. ಲಕ್ಷ್ಮೇಶ್ವರದಾಗ ಮನಿಮನಿಗೂ ನಿಮ್ಮ ಮಾರಿ, ಮೈಮ್ಯಾಲ ನೀವು ನುಂಗಿದ ಸೀರಿ.”

ಕತ್ತರಿ ತೆಗೆದುಕೊಂಡು ದಡಿಗೆ ಹಾಕಿದಳು. ಬಟ್ಟೆಯ ವ್ಯಾಪಾರದಲ್ಲೇ ಮುದುಕಿಯಾದ ಶೇಖವ್ವ “ಬ್ಯಾಡವಾ, ಅಂಥಾ ನೇಯ್ಗಿ ಕತ್ತರಿಸಬ್ಯಾಡ” ಎಂದು ಕೈ ಚಾಚಿದಳು. ಸಾವಂತ್ರೆವ್ವನ ಕೈ ನಿಲ್ಲಲಿಲ್ಲ. ಶೇಖವ್ವ ಗೋಡೆ ಹಿಡಿದುಕೊಂಡು ಹೊರಗೆ ಹೋದಳು. ನನಗೆ ಹಬ್ಬದೂಟ ಉಂಡಷ್ಟು ಸಂತೋಷವಾಯಿತು, ಸುಳ್ಳು ಯಾಕೆ ಹೇಳಲಿ.

ಆಗ ಒಳಗಿನಿಂದ ಕಾವೇರಿ ಬಂದಳು. ನೆಲದ ಮೇಲೆ ಬಿದ್ದ ತುಂಡೊಂದನ್ನು ಎತ್ತಿಕೊಂಡಳು.

“ಆಕಿ ಬ್ಯಾಡ ಅಂದದ್ದು ನನ್ನ, ಅವ್ವಾ. ಅಪ್ಪ ಏನ ಮಾಡಿದ್ದ?”

“ಸುಮ್ನಿರು. ಬಣ್ಣ ಕಲಸು” ಎಂದಳು ಸಾವಂತ್ರೆವ್ವ.

ಸೀರೆ ಪೂರ್ತಿ ತುಂಡಾಯಿತು. ಅಷ್ಟು ಚಂದದ ಹೊಲಿಗೆಯನ್ನು ಅವಳು ಯಾವ ಮದುಮಗಳ ಕುಬಸಕ್ಕೂ ಹಾಕಿದ್ದಿಲ್ಲ. ಪ್ರತಿ ಗೊಂಬೆಯ ಕಾಲಬಳಿ ತೆನೆಯ ದಡಿ ಸರಿಯಾಗಿ ಕೂತಿತು. ಕಾವೇರಿ ತನ್ನ ಪಾಲಿನ ಕೆಲಸ ಮಾಡಿದಳು. ಕಣ್ಣು, ತುಟಿ ಒರೆಸಿದಳು, ಕೂದಲು ನೆಟ್ಟಳು, ಕೈ ಬಗ್ಗಿಸಿದಳು. ಮುಖ ಬರೆಯುವ ಕುಂಚವನ್ನು ಮಾತ್ರ ಮುಟ್ಟಲಿಲ್ಲ. “ಇವಕ್ಕ ನಾ ಮಾರಿ ಬರಿಯಂಗಿಲ್ಲ” ಎಂದು ಒಂದೇ ಸಲ ಹೇಳಿದಳು. ಸಾವಂತ್ರೆವ್ವ ತಾನೇ ಕುಂಚ ಹಿಡಿದು ನೋಡಿದಳು. ಬಣ್ಣ ಗಲ್ಲಕ್ಕೆ ಹರಿಯಿತು. ಅಯ್ಯೂಬ ಬಂದವನು ಒಂದನ್ನು ಎತ್ತಿ ನೋಡಿ, “ಮಾರಿ ಇಲ್ಲದ್ದನ್ನ ಯಾರ ತಗೋತಾರ ಅವ್ವಾರ” ಎಂದು ಮೆಲ್ಲಗೆ ಇಟ್ಟುಹೋದ.

ಆ ಗೊಂಬೆಗಳು ಈಗ ಮಷಿನ್ನಿನ ಮೇಲಿನ ಹಲಗೆಯಲ್ಲಿ ಸಾಲಾಗಿ ನಿಂತಿವೆ. ಕಾವೇರಿ ದಿನಾ ಅವುಗಳ ಧೂಳು ಒರೆಸುತ್ತಾಳೆ, ಅವ್ವನ ಜೊತೆ ಮಾತಾಡುವುದಿಲ್ಲ. ಮೊನ್ನೆ ಕುಬಸದ ಅಳತೆ ಕೊಡಲು ಹೋದಾಗ ಸಾವಂತ್ರೆವ್ವ ನನ್ನ ಕಿವಿಯಲ್ಲಿ, “ಬರೀತಾಳ ತಡಿ. ನನ್ನ ಮಗಳಲ್ಲೇನು, ಆಕಿಗೂ ಒಂದಿನ ಸಿಟ್ಟ ಬರತೈತಿ” ಎಂದಳು. ಕಾವೇರಿಗೆ ಸಿಟ್ಟು ಬಂದು ಆಗಲೇ ಬಹಳ ದಿನವಾಗಿದೆ. ಅದು ಲಕ್ಷ್ಮೇಶ್ವರದವರ ಮೇಲಲ್ಲ ಎಂದು ಸಾವಂತ್ರೆವ್ವನಿಗೆ ಹೇಳುವ ಧೈರ್ಯ ನನಗಾಗಲಿಲ್ಲ.