ಗಿರಣಿ ಅಕ್ಕ ತೆಗೆಸಿದ ಮಣ್ಣು

ಗಿರಣಿ ಅಕ್ಕನ ಬೆರಳ ತುದಿಗಳಲ್ಲಿ ಗೆರೆಗಳೇ ಉಳಿದಿರಲಿಲ್ಲ. ಚರ್ಮ ಒಡೆದು, ಸುಲಿದು, ಮತ್ತೆ ಕೂಡಿಕೊಂಡು ಕೆಂಪಗೆ ಮಿನುಗುತ್ತಿತ್ತು. ರೇಷನ್ ಅಂಗಡಿಯ ಹೆಬ್ಬೆಟ್ಟಿನ ಮಷೀನು ಅವರನ್ನು ಗುರುತೇ ಹಿಡಿಯುತ್ತಿರಲಿಲ್ಲ. ಹಿಟ್ಟು ಸಣ್ಣಗೆ ಬಿದ್ದಿದೆಯೋ ಇಲ್ಲವೋ ಎಂದು ಬೇರೆ ಗಿರಣಿಯವರು ಬೆರಳಲ್ಲಿ ತಿಕ್ಕಿ ನೋಡಿದರೆ, ಇವರು ಮುಂಗೈ ಮೇಲೆ ಉದುರಿಸಿಕೊಂಡು ನೋಡುತ್ತಿದ್ದರು.

ಶಹಾಪುರದ ನಮ್ಮ ಓಣಿಯಲ್ಲಿ ಅವರ ಹಿಟ್ಟಿನ ಗಿರಣಿಯ ಎದುರಿಗೇ ನನ್ನ ಟೇಲರ್ ಅಂಗಡಿ. ಗಿರಣಿಯ ಬೆಲ್ಟು ತಿರುಗಲು ಶುರುವಾಯಿತೆಂದರೆ ಜೋಳದ ಹಿಟ್ಟು ಹಾರಿ ಬಂದು ನನ್ನ ಗಿರಾಕಿಗಳ ಕರಿ ಪ್ಯಾಂಟುಗಳ ಮೇಲೆ ಕೂರುತ್ತಿತ್ತು. ಇದಕ್ಕಾಗಿ ನಮ್ಮಿಬ್ಬರಿಗೆ ಜಗಳ ತಪ್ಪಿದ್ದಲ್ಲ. "ಝಾಡಿಸ್ಕೋ ತಮ್ಮಾ, ಕೈ ಇಲ್ಲೇನ್ ನಿನಗ?" ಎಂದು ಅಲ್ಲಿಂದಲೇ ಕೂಗುತ್ತಿದ್ದರು. ಸಂಜೆಗೆ ಅವರದೇ ಮನೆಯಿಂದ ನನಗೆ ಚಹಾ ಬರುತ್ತಿತ್ತು.

ನಮ್ಮ ವಾರ್ಡು ಹೆಂಗಸರಿಗೆ ಮೀಸಲಾದಾಗ ಮಂದಿ ಅವರನ್ನು ನಿಲ್ಲಿಸಿ ಗೆಲ್ಲಿಸಿದರು. ಹೆಸರು ಇವರದು, ಕುರ್ಚಿಯ ಮೇಲೆ ಕೂಡುವವರು ಗಂಡ ಎಂದೇ ಎಲ್ಲರ ಲೆಕ್ಕ. ಮೊದಲ ಸಭೆಯ ದಿನ ಗಂಡ ಇಸ್ತ್ರಿ ಅಂಗಿ ಹಾಕಿಕೊಂಡು ಜೊತೆಗೇ ಹೋದರು. ಬಾಗಿಲಲ್ಲೇ ಅಕ್ಕ ತಿರುಗಿ, "ಗಿರಣಿಗಿ ಮಂದಿ ಬಂದು ನಿಂತಿರ್ತಾರ, ನೀವು ನಡೀರಿ" ಎಂದರಂತೆ. ಆ ಮನುಷ್ಯ ವಾಪಸು ಬಂದು ಜೋಳ ಬೀಸಿದ.

ನಮ್ಮ ಓಣಿಯ ಹಿಂದೆ ಒಂದು ಕಾಲಕ್ಕೆ ಚರ್ಮ ಹದ ಮಾಡುವ ಕಾರ್ಖಾನೆ ಇತ್ತು. ಮಾಲೀಕ ಬೀಗ ಹಾಕಿಕೊಂಡು ಹೋದವನು ಈ ಕಡೆ ಮತ್ತೆ ತಲೆ ಹಾಕಲಿಲ್ಲ. ತಗಡುಗಳು ಕಳುವಾದವು, ಗೋಡೆ ಬಿತ್ತು, ಹೊಲಸು ನೀರು ಬಿಡುತ್ತಿದ್ದ ತೊಟ್ಟಿಗಳು ಒಣಗಿದವು. ತೊಟ್ಟಿಯ ತಳದಲ್ಲಿ ತುಸು ಹಸಿರು ಬಣ್ಣದ ನುಣ್ಣನೆ ಮಣ್ಣು ಉಳಿಯಿತು. ಮಣ್ಣೆತ್ತಿನ ಅಮಾವಾಸ್ಯೆ ಬಂದರೆ ಓಣಿಯ ಹೆಣ್ಣುಮಕ್ಕಳು ಪೂಜೆಯ ಎತ್ತು ಮಾಡಲು ಅದನ್ನೇ ಬುಟ್ಟಿಯಲ್ಲಿ ಹೊತ್ತು ತರುತ್ತಿದ್ದರು. ನಮ್ಮ ಕಡೆಯ ಎರೆಮಣ್ಣಿನ ಎತ್ತು ಒಣಗುವಷ್ಟರಲ್ಲಿ ಬಿರುಕು ಬಿಡುತ್ತದೆ. ಈ ಮಣ್ಣಿನದ್ದು ಪೂಜೆ ಮುಗಿದರೂ ಕೊಂಬು ಸಹಿತ ಗಟ್ಟಿಯಾಗಿ ನಿಲ್ಲುತ್ತಿತ್ತು. ಎತ್ತು ಮಾಡುವುದರಲ್ಲಿ ಗಿರಣಿ ಅಕ್ಕ ಭಾರಿ ಹುಷಾರು. ಸುತ್ತ ಹುಡುಗರನ್ನು ಕೂರಿಸಿಕೊಂಡು, ಎಲ್ಲರ ಕೈಗೂ ಒಂದೊಂದು ಉಂಡೆ ಮಣ್ಣು ಕೊಟ್ಟು ಕಲಿಸುತ್ತಿದ್ದರು. ಹಬ್ಬ ಮುಗಿದ ಮೇಲೆ ಅವರ ಕೈ ಒಡೆಯುತ್ತಿತ್ತು. ಹಿಟ್ಟಿನ ಧೂಳು ಆಗಿಬರುವುದಿಲ್ಲ ಎಂದುಕೊಂಡು ಮುಲಾಮು ಹಚ್ಚಿಕೊಳ್ಳುತ್ತಿದ್ದರು.

ಅವರು ಮೆಂಬರ್ ಆದ ಮೇಲೆ, ಅಂಥ ಕೆಟ್ಟ ಜಾಗಗಳನ್ನು ಚೊಕ್ಕ ಮಾಡಲು ಸರಕಾರದ ಹಣ ಬಂತು. ಮಣ್ಣಿನ ಪರೀಕ್ಷೆಯೂ ಆಯಿತು. ಚರ್ಮ ಹದ ಮಾಡಲು ಸುರಿದ ರಸಾಯನ ಆ ಮಣ್ಣಲ್ಲೇ ಉಳಿದಿದೆ, ಮುಟ್ಟಿದರೆ ಕೈ ತಿನ್ನುತ್ತದೆ, ಮಳೆಯಾದರೆ ಬಾವಿಗೆ ಇಳಿಯುತ್ತದೆ ಎಂದು ಅಧಿಕಾರಿ ಸಭೆಯಲ್ಲಿ ಬಿಡಿಸಿ ಹೇಳಿದರಂತೆ. ಅಕ್ಕ ಸಭೆಯಿಂದ ನೇರ ನನ್ನ ಅಂಗಡಿಗೆ ಬಂದು, ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಎರಡೂ ಕೈ ಇಟ್ಟರು.

"ನನ್ನ ಕೈ ಹಾಳಾಗಿ ಹೋಗ್ಲಿ ತಮ್ಮಾ. ಓಣ್ಯಾಗಿನ ಹುಡುಗೂರ ಕೈಗಿ ಆ ಮಣ್ಣ ಕೊಟ್ಟಾಕಿ ನಾನ."

ನೀರು ಕೊಟ್ಟೆ. ಕುಡಿಯಲಿಲ್ಲ.

ಆ ವರ್ಷ ಅಮಾವಾಸ್ಯೆಗೆ ಅವರೇ ಹೋಗಿ ಕಾರ್ಖಾನೆಯ ಬಿದ್ದ ಗೋಡೆಯ ಬಳಿ ನಿಂತುಬಿಟ್ಟರು. ದೇವಾಪುರದಿಂದ ಒಂದು ಟ್ರ್ಯಾಕ್ಟರ್ ಮಣ್ಣು ತರಿಸಿ ಗಿರಣಿಯ ಮುಂದೆ ಸುರಿಸಿದರು. ಹೆಂಗಸರು ಬಾಯಿಗೆ ಬಂದಂತೆ ಬೈದರು. "ಹಬ್ಬದ ದಿನ ಮಣ್ಣಿಗಿ ಅಡ್ಡ ನಿಂತಾಳ ನೋಡವ್ವಾ ಇಕಿ!" ದೇವಾಪುರದ ಮಣ್ಣಿನ ಎತ್ತುಗಳು ಮಧ್ಯಾಹ್ನದೊಳಗೇ ಬಿರುಕು ಬಿಟ್ಟವು. ಒಬ್ಬ ಮುದುಕಿ ತಲೆ ಬಿದ್ದ ಎತ್ತನ್ನು ತಂದು ಗಿರಣಿಯ ತಕ್ಕಡಿಯ ಮೇಲಿಟ್ಟು, "ಇದಕ್ಕ ಪೂಜಿ ಮಾಡ್ಲೇನವ್ವಾ ಮೆಂಬರ?" ಎಂದು ಕೇಳಿದಳು.

"ಮಾಡ್ರಿ ಅತ್ತಿ. ರುಂಡ ಹೋಗ್ಯಾದ ಖರೆ, ಹುಡುಗೂರ ಕೈ ಹೋಗಂಗಿಲ್ಲ."

ಮುದುಕಿಗೆ ಸಮಾಧಾನವೇನೂ ಆಗಲಿಲ್ಲ. ರುಂಡವಿಲ್ಲದ ಎತ್ತು ಮನೆತನಕ್ಕೆ ಒಳ್ಳೆಯದಲ್ಲ ಎಂದು ಓಣಿ ತುಂಬ ಹೇಳಿಕೊಂಡು ತಿರುಗಿದಳು.

ಇನ್ನು ಬಂದ ಹಣದ ಮಾತು. ಕೆಟ್ಟ ಮಣ್ಣಿನ ಮೇಲೆಯೇ ಒಂದು ಹಾಸು ಗರಸು ಮುರುಮು ಹಾಕಿದರೆ ಅಲ್ಲೊಂದು ಗಾರ್ಡನ್ನು, ದೀಪ, ಸಿಮೆಂಟಿನ ಬೆಂಚು ಆಗುತ್ತಿತ್ತು. ಅಲ್ಲಿಗೆ ಹೋಗುವ ದಾರಿಯೆಂದು ನಮ್ಮ ಓಣಿಗೂ ಸಿಮೆಂಟ್ ರಸ್ತೆ ಸಿಗುತ್ತಿತ್ತು. ಹಾಗಲ್ಲದೆ ಕೆಟ್ಟ ಮಣ್ಣನ್ನೆಲ್ಲ ಅಗೆದು, ಅಂಥದ್ದನ್ನು ಹೂಳುವ ದೂರದ ಜಾಗಕ್ಕೆ ಸಾಗಿಸಿ, ಒಳ್ಳೆಯ ಮಣ್ಣು ತುಂಬಿಸಿದರೆ ಹಣ ಅದಕ್ಕೇ ಮುಗಿಯುತ್ತಿತ್ತು. ಅಕ್ಕ ಅಗೆಯಬೇಕು ಎಂದು ಜಿದ್ದು ಹಿಡಿದರು. ಓಣಿಯ ಗಂಡಸರು ಗಿರಣಿಗೆ ನುಗ್ಗಿದರು. ಎಲ್ಲರಿಗೂ ಹಿರಿಯರಾದ ಕಿರಾಣಿ ಅಂಗಡಿಯವರು ಮುಂದೆ ನಿಂತು ಕೇಳಿದರು:

"ಅಕ್ಕಾರ, ಮಣ್ಣ ತಗದು ಮಣ್ಣ ಹಾಕ್ತೀನಿ ಅಂತೀರಿ. ನಾಳೆ ಮಂದಿಗಿ ಏನ್ ಕಾಣ್ತದ್ರಿ?"

"ಏನೂ ಕಾಣಂಗಿಲ್ರಿ."

"ಮಾಲಕ ಹೊಲಸ ಮಾಡಿ ಹೋಗ್ಯಾನ. ಸರಕಾರದ ರೊಕ್ಕದಾಗ ನಾವ್ಯಾಕ ಬಳೀಬೇಕ್ರಿ?"

"ಅವ ಬರೂತನಕ ಹಾದಿ ಕಾಯ್ಕೊಂತ ಕುಂತ್ರ ಹುಡುಗೂರು ಅದರಾಗ ಆಡ್ತಾವ. ಮೊದಲ ತಗಸೋಣು. ಆಮ್ಯಾಗ ಬೇಕಾದ್ರ ಅವನ ಕುತಿಗಿ ಹಿಡೀರಿ, ನಾನೂ ಬರ್ತೀನಿ."

ಗಿರಣಿ ಬಂದ್ ಮಾಡದೇ ಮಾತಾಡಿದ್ದರಿಂದ ಅರ್ಧ ಮಂದಿಗೆ ಕೇಳಿಸಲೂ ಇಲ್ಲ. ಸಭೆಯಲ್ಲಿ ಅವರ ಮಾತೇ ನಡೆಯಿತು. ಕೈತಪ್ಪುವ ರಸ್ತೆ ಅವರ ವಾರ್ಡಿನದು, ಉಳಿದ ಮೆಂಬರುಗಳ ಗಂಟೇನು ಹೋಗಬೇಕು!

ಮುಂದಿನ ಬೇಸಿಗೆಯಲ್ಲಿ ತಾಡಪತ್ರಿ ಹೊದ್ದ ಲಾರಿಗಳು ಮಣ್ಣು ಹೊತ್ತುಕೊಂಡು ಹೋದವು. ಕೊನೆಗೆ ಉಳಿದದ್ದು ಒಂದು ಸಪಾಟ ಬಯಲು. ಮಳೆಗಾಲದಲ್ಲಿ ಓಣಿಯ ರಾಡಿಯಲ್ಲಿ ಗಾಡಿ ಸಿಕ್ಕಿಕೊಂಡವರೆಲ್ಲ ಅಕ್ಕನ ಹೆಸರು ಹಿಡಿದು ಬೈದರು. ಮುಂದಿನ ಎಲೆಕ್ಷನ್ನಿನಲ್ಲಿ ಅವರು ಸೋತರು, ಅದೂ ಹೀನಾಯವಾಗಿ. ಗೆದ್ದವನು ಬೇರೆ ಅನುದಾನ ತಂದು ಆ ಬಯಲಲ್ಲಿ ಗಾರ್ಡನ್ ಮಾಡಿಸಿದ, ಓಣಿಗೆ ರಸ್ತೆ ಹಾಕಿಸಿದ, ತನ್ನ ಹೆಸರಿನ ದೊಡ್ಡ ಬೋರ್ಡು ನಿಲ್ಲಿಸಿದ. ನನಗೆ ಹೊಟ್ಟೆ ಉರಿಯಿತು. ಅಕ್ಕ ಬೋರ್ಡು ಓದಿ, "ಚಲೋ ಆತು ಬಿಡು, ದೀಪ ಭಾಳ ಚಂದ ಅವ" ಎಂದು ನಕ್ಕು, ಗಿರಣಿಗೆ ಹೋಗಿ ಸವೆದ ಬೀಸುವ ಕಲ್ಲಿಗೆ ಹಲ್ಲು ಬರುವಂತೆ ಟಾಕಿ ಹೊಡೆಯುತ್ತ ಕೂತರು.

ಹೋದ ವರ್ಷ ಚಳಿಗಾಲದಲ್ಲಿ ತೀರಿಕೊಂಡರು. ಎದೆನೋವು ಎಂದರು, ಯಾದಗಿರಿಯ ದವಾಖಾನೆ ಮುಟ್ಟಲಿಲ್ಲ. ಮಣ್ಣು ಕೊಡಲು ಓಣಿಯೇನೋ ಬಂದಿತ್ತು. ಆ ಬಯಲಿನ ಮಾತನ್ನು ಒಬ್ಬರೂ ಎತ್ತಲಿಲ್ಲ.

ಮೊನ್ನೆ ಸಂಜೆ ಮೊಮ್ಮಗಳನ್ನು ಆ ಗಾರ್ಡನ್ನಿಗೆ ಕರೆದುಕೊಂಡು ಹೋಗಿದ್ದೆವು. ಆಕೆಗೆ ಇನ್ನೂ ಸರಿಯಾಗಿ ನಡೆಯಲು ಬಾರದು. ನಾವು ಬೆಂಚಿನ ಮೇಲೆ ಮಾತಾಡುತ್ತ ಕೂತಾಗ ಒಂದು ಹಿಡಿ ಮಣ್ಣು ಕೆದರಿ ಬಾಯಿಗೆ ಹಾಕಿಕೊಂಡುಬಿಟ್ಟಳು. "ಅಯ್ಯ, ಕೂಸು ಮಣ್ಣ ತಿಂತು ನೋಡ್ರಿ!" ಎಂದು ನನ್ನ ಹೆಂಡತಿ ಚೀರಿದಳು. ನಾನು ನಿಧಾನ ಎದ್ದು ಹೋಗಿ ಟವೆಲ್ಲಿನಿಂದ ಕೂಸಿನ ಬಾಯಿ ಒರೆಸಿದೆ.

"ಚೀರಬ್ಯಾಡ, ಬರೇ ಮಣ್ಣ ಅದು" ಎಂದೆ. ಆಮೇಲೆ ಕೂಸಿನ ಅಂಗೈ ಬಿಡಿಸಿ, ಆ ಎಳೆ ಬೆರಳುಗಳನ್ನು ಒಂದೊಂದಾಗಿ ಒರೆಸಿದೆ.